ಕಿರುಮಿದುಳಿನ ಅಳತೆ

ನನ್ನ ಸೊಸೆ ಕಸಿಲ್ಡಾಳ ಹೊಟ್ಟೆ ತಿಂಗಳಿಗೆ ತಕ್ಕಷ್ಟು ಬೆಳೆದಿರಲಿಲ್ಲ. ರಕ್ತದೊತ್ತಡ ಏರಿ ಪಾದಗಳು ಊದಿದ್ದವು. ನನ್ನ ಮಗ ರುಫೀನೋ ಗರಿಗಳ ಭಾನುವಾರಕ್ಕೆ ಮುಂಚೆ ಗಣಿಯಲ್ಲಿ ಕಲ್ಲು ಕುಸಿದು ದೇವರ ಪಾದ ಸೇರಿದ್ದ. ಅವನು ಬಿಟ್ಟುಹೋದದ್ದು ಆ ಹೊಟ್ಟೆಯಲ್ಲಿದ್ದ ಕೂಸೊಂದನ್ನೇ. ಅದನ್ನು ಉಳಿಸಿಕೊಡು ಎಂದು ಕಾಂಡೆಲಾರಿಯಾ ಮಾತೆಯ ಮುಂದೆ ದಿನವೂ ಮೊಂಬತ್ತಿ ಹಚ್ಚುತ್ತಿದ್ದೆ. ಉಳಿಸುವಳು ಎಂಬುದರಲ್ಲಿ ನನಗೆ ಸಂಶಯವಿರಲಿಲ್ಲ.

ಕೇರಿಯ ಆರೋಗ್ಯ ಕೇಂದ್ರಕ್ಕೆ ಬಯಲುಸೀಮೆಯಿಂದ ಹೊಸದಾಗಿ ಬಂದಿದ್ದ ವೈದ್ಯ, "ಮಗು ಚಿಕ್ಕದು. ನಿಮ್ಮ ಲೆಕ್ಕ ಒಂದು ತಿಂಗಳು ತಪ್ಪಿದೆ, ಕಾಯಿರಿ" ಎಂದಿದ್ದ. ಆ ಮಾತು ನನ್ನ ಮಗಳು ಇಲಾರಿಯಾಳ ಕಿವಿಗೂ ಬಿತ್ತು. ಲೆಕ್ಕ ಒಂದು ತಿಂಗಳು ತಪ್ಪಿದ್ದರೆ ಬಸಿರು ನಿಂತದ್ದು ಅವಳ ತಮ್ಮನನ್ನು ಮಣ್ಣು ಮಾಡಿದ ಮೇಲೆ ಎಂದಾಗುತ್ತದೆ. ಅಂದಿನಿಂದ ಅವಳು ಕಸಿಲ್ಡಾ ಕೊಟ್ಟ ಸೂಪು ಕುಡಿಯಲಿಲ್ಲ.

ಆದರೂ ಪೊತೊಸಿಯ ದೊಡ್ಡಾಸ್ಪತ್ರೆಗೆ ಹೊರಟಾಗ ಜೊತೆಗೆ ಬಂದಳು. ಅಲ್ಲಿ ಸ್ಕ್ಯಾನಿಂಗ್ ಮಾಡುತ್ತಿದ್ದವರು ಕೊಂದಾರ್ಕೋ ಎಂಬ ವೈದ್ಯೆ, ನಮ್ಮ ಬೆಟ್ಟದವರೇ.

"ಕೊನೆ ಸಲ ಮುಟ್ಟಾಗಿದ್ದು ಯಾವಾಗಮ್ಮ?" ಎಂದು ಕೇಳಿದರು.

"ಕಾರ್ನಿವಾಲ್ ಶುಕ್ರವಾರ, ಡಾಕ್ಟ್ರಮ್ಮ. ನಮ್ಮವ್ರು ತೀರ್ಕೊಳ್ಳೋಕೆ ಆರು ವಾರ ಮುಂಚೆ, ಗಣಿಯವ್ರು ಭೂಮಿತಾಯಿಗೆ ಚಿಚಾ ಹೆಂಡ ಎರೆಯೋ ದಿನ."

"ಅವಳು ಹೇಳ್ತಾಳೆ," ಎಂದಳು ಇಲಾರಿಯಾ. "ಹೊಟ್ಟೆ ನೋಡಿದ್ರೆ ಗೊತ್ತಾಗಲ್ವಾ?"

"ಅತ್ತಿಗೆ, ಆವತ್ತು ನಾನು ಗಣಿ ಬಾಯಲ್ಲೇ ನಿಂತಿದ್ದು ಮರೆತ್ರಾ? ಮುಟ್ಟಾದವಳು ಒಳಗೆ ಕಾಲಿಟ್ರೆ ಅದಿರಿನ ಎಳೆ ಮಾಯ ಆಗುತ್ತೆ ಅಂತ ತಡೆದಿದ್ದು ಯಾರು? ನನ್ನ ಕೈಯಿಂದ ಚಿಚಾ ಗಡಿಗೆ ಕಿತ್ಕೊಂಡು ಒಳಗೆ ಹೋದವ್ರು ಯಾರು?"

ಇಲಾರಿಯಾ ಮುಖ ತಿರುಗಿಸಿದಳು. "ಅದು ಯಾವ ವರ್ಷದ್ದೋ ಏನೋ."

"ಅತ್ತಿಗೆ ನಾದಿನಿ ಜಗಳ ಬಾಗಿಲಾಚೆ ಇಟ್ಕೊಳ್ಳಿ," ಎಂದರು ವೈದ್ಯೆ. "ನಾನು ಮಗೂನೇ ಕೇಳ್ತೀನಿ."

ಅವರು ಹೊಟ್ಟೆಗೆ ತಣ್ಣನೆಯ ಲೋಳೆ ಸವರಿ ಕೈಯುಪಕರಣವನ್ನು ನಿಧಾನವಾಗಿ ಆಡಿಸಿದರು. ಪರದೆಯಲ್ಲಿ ಮಗುವಿನ ತಲೆಯ ಹಿಂಭಾಗದಲ್ಲಿ ಎರಡು ಕಾಳು ಜೋಡಿಸಿಟ್ಟಂಥದ್ದು ಕಂಡಿತು. ಅದನ್ನು ಅಳೆದರು, ಮತ್ತೆ ಅಳೆದರು. ಆಮೇಲೆ ಕೆಳಗೆ ಬಂದು ಯಕೃತ್ತನ್ನು ಅಳೆದರು.

"ಇದು ಕಿರುಮಿದುಳು. ತಾಯಿಯಿಂದ ಊಟ ಕಡಿಮೆ ಬಂದಾಗ ಮಗುವಿನ ಮೈ ಮೊದಲು ಮಿದುಳಿಗೆ ಬಡಿಸುತ್ತೆ. ಅದಕ್ಕೇ ಇದು ವಯಸ್ಸಿಗೆ ತಕ್ಕ ಹಾಗೆ ಬೆಳೆದಿದೆ. ಯಕೃತ್ತಿಗೆ ಸಿಗೋದು ಉಳಿದದ್ದು, ನೋಡಿ, ಸೊರಗಿದೆ. ಹೊಟ್ಟೆ ಚಿಕ್ಕದಾಗಿರೋದು ಅದರಿಂದ. ಇವಳು ಹೇಳಿದ ಶುಕ್ರವಾರಕ್ಕೆ ಅಳತೆ ಕೂಡುತ್ತೆ. ಮಗು ಎಳೆಯದಲ್ಲ, ಹಸಿದಿದೆ."

ನಾನು ಶಿಲುಬೆಯ ಗುರುತು ಹಾಕಿಕೊಂಡೆ.

"ಹೊಕ್ಕುಳಬಳ್ಳಿಯಲ್ಲಿ ರಕ್ತದ ಓಟ ಕುಂದಿದೆ. ಕಾದ್ರೆ ಮಗು ಉಳಿಯಲ್ಲ. ಇವತ್ತೇ ಆಪರೇಷನ್ ಮಾಡಿ ತೆಗೀಬೇಕು."

"ಇಷ್ಟು ಚಿಕ್ಕದನ್ನ ಕೊಯ್ದು ತೆಗೀತೀರಾ?" ಇಲಾರಿಯಾಳ ದನಿ ಈಗ ಬೇರೆಯಾಗಿತ್ತು. "ಇನ್ನೊಂದಿಷ್ಟು ದಿನ ಒಳಗೆ ಬೆಚ್ಚಗಿರ್ಲಿ. ಸೂಲಗಿತ್ತಿ ಇವಳನ್ನ ಕಂಬಳೀಲಿ ಮಲಗಿಸಿ ತೂಗಿದ್ರೆ ಮಗು ಚೇತರಿಸ್ಕೊಳ್ಳುತ್ತೆ."

"ಒಳಗಿನ ಒಲೆ ಆರ್ತಾ ಇದೆ ಅಮ್ಮ. ಇನ್ನೇನು ಬೇಯುತ್ತೆ ಅದರ ಮೇಲೆ?"

ಕಸಿಲ್ಡಾ ನನ್ನ ಮುಖ ನೋಡಿದಳು. ನಮ್ಮಲ್ಲಿ ಇಂಥದಕ್ಕೆ ಮನೆಯ ಹಿರಿಯರ ಮಾತು ಬೇಕು. "ಅತ್ತೆ?" ಎಂದಳು.

"ಹಸಿದಿದೆ ಅಂದ್ರಲ್ಲ. ಹಾಲು ಹೊರಗಿದೆ. ಬರ್ಲಿ," ಎಂದೆ.

ಸಂಜೆಯೊಳಗೆ ಒಳಗಿನಿಂದ ಅಳು ಕೇಳಿಸಿತು. ಸಣ್ಣ ಅಳುವಲ್ಲ, ಬೈಗುಳದಂಥ ಅಳು. ನರ್ಸ್ ಬಟ್ಟೆಯಲ್ಲಿ ಸುತ್ತಿದ ಒಣಕಲು ಹೆಣ್ಣುಕೂಸನ್ನು ಎತ್ತಿಕೊಂಡು ಹೊರಗೆ ಬಂದು, ಬೆಚ್ಚನೆಯ ಪೆಟ್ಟಿಗೆಗೆ ಒಯ್ಯುವ ಮೊದಲು ಒಮ್ಮೆ ನಿಂತಳು.

"ಇದರ ಅಪ್ಪನ ಕಡೆಯವರು ಯಾರಿದ್ದೀರಿ?"

ನಾನು ಗೋಡೆ ಹಿಡಿದು ಏಳುವಷ್ಟರಲ್ಲಿ ಇಲಾರಿಯಾ ಅವಳ ಮುಂದೆ ನಿಂತಿದ್ದಳು.

"ನಾನು," ಎಂದಳು. "ಸೋದರತ್ತೆ."