ಮೊತ್ತದ ಕೆಳಗಿನ ಕೊಸರು

ನನಗೆ ಸಿಟ್ಟು ಜಾಸ್ತಿ. ರೂಪನಗುಡಿ ರಸ್ತೆಯಲ್ಲಿ ಮಂಡಾಳು ಭಟ್ಟಿ ಹೊನ್ನೂರಮ್ಮ ಎಲ್ಲಿರುತ್ತಾಳೆ ಎಂದು ಕೇಳಿ ನೋಡಿ, ದಾರಿ ತೋರಿಸುವವರು ಈ ಮಾತನ್ನೂ ಸೇರಿಸಿಯೇ ಕಳಿಸುತ್ತಾರೆ. ಸೇರಿಸಲಿ. ವಯಸ್ಸೆಲ್ಲ ಕಾದ ಮರಳಿನ ಮುಂದೆ ಕೂತು ಮಂಡಕ್ಕಿ ಹುರಿದವಳಿಗೆ ಸಿಟ್ಟು ಬರದೆ ಇನ್ನೇನು ಬರಬೇಕು? ಆದರೆ ನನ್ನ ಕೊಸರಿನ ಬಗ್ಗೆ ಯಾರೂ ಒಂದು ಸೊಲ್ಲು ಎತ್ತಿದವರಲ್ಲ.

ನಮ್ಮಲ್ಲಿ ಕೊಸರು ಎಂದರೆ ಚೀಲಕ್ಕೊಂದು ಸೇರು. ಅಳತೆ ಮುಗಿದು, ಚೀಲದ ಬಾಯಿ ಹೊಲಿದಾದ ಮೇಲೆ, ಬೇರೆ ಬಟ್ಟೆಯಲ್ಲಿ ಗಂಟು ಕಟ್ಟಿ ಚೀಲದ ಮೇಲಿಟ್ಟು ಕಳಿಸುತ್ತೇವೆ. ನಮ್ಮತ್ತೆ ಸಾವಂತ್ರಮ್ಮ ಹಾಕಿಕೊಟ್ಟ ಪದ್ಧತಿ ಇದು. ಆಕೆ ಹಿತ್ತಾಳೆಯ ಸೇರನ್ನು ನನ್ನ ಕೈಗಿಟ್ಟ ದಿನದಿಂದ ಕೊಸರು ಅಳೆಯುವವಳು ನಾನೊಬ್ಬಳೇ. ಭಟ್ಟಿ ನೋಡಿಕೊಳ್ಳುವ ಮಗ ಕರಿಬಸವನಿಗೂ ಆ ಸೇರು ಮುಟ್ಟಲು ಬಿಟ್ಟಿಲ್ಲ, ಸೊಸೆ ಗಂಗೋತ್ರಿಗೂ ಬಿಟ್ಟಿರಲಿಲ್ಲ.

ಕಾರ್ಬನ್ ಹಾಳೆ ಇಟ್ಟು ಬಿಲ್ಲು ಬರೆಯುತ್ತಿದ್ದವಳೂ ನಾನೇ. ಆದರೆ ಕಣ್ಣು ಮಂಜಾಗುತ್ತ ಬಂತು. ಅದರ ಮೇಲೆ ಕುರುಗೋಡಿನ ಹೋಟೆಲಿನವರು ಬಿಲ್ಲನ್ನು ಫೋನಿಗೆ ಕಳಿಸಿ ಎನ್ನತೊಡಗಿದರು. ಗಂಗೋತ್ರಿ ಬಿ.ಕಾಂ. ಮಾಡಿದವಳು. ಬಿಲ್ಲು ಹಾಕುವ ಸಾಫ್ಟ್‌ವೇರ್ ತರೋಣ ಎಂದಳು. ಅದೇನು ನನ್ನ ಅಕ್ಷರಕ್ಕೆ ರೋಗ ಬಂದಿದೆಯಾ ಎಂದು ನಾನು ರೇಗಿದೆ. ಅವಳು ಎದುರಾಡದೆ ನನ್ನದೇ ಬಿಲ್ಲೊಂದನ್ನು ನನ್ನ ಕೈಗೆ ಕೊಟ್ಟು ಓದಿ ಎಂದಳು. ನನಗೇ ಓದಲಾಗಲಿಲ್ಲ. ಏನು ಮಾಡುವುದು, ಆಗಲಿ ಎಂದೆ.

ಮೊದಲು ಬಂದದ್ದು ಪುಕ್ಕಟೆ ನೋಡಿ ಆಮೇಲೆ ಕೊಳ್ಳಿ ಎನ್ನುವಂಥ ಸಾಫ್ಟ್‌ವೇರ್. ಬಿಲ್ಲು ಅಚ್ಚುಕಟ್ಟಾಗಿ ಬಂತು, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಒಬ್ಬರ ಮಾಲು ಇನ್ನೊಬ್ಬರ ಅಂಗಡಿಯಲ್ಲಿ ಇಳಿಯಬಾರದೆಂದು ಗಂಗೋತ್ರಿ, ನಮ್ಮ ಲಗೇಜ್ ಆಟೊದ ಎರ್ರಿಗೆ, ಬಿಲ್ಲಿನಲ್ಲಿ ಇದ್ದಷ್ಟನ್ನೇ ಇಳಿಸು, ಬೇರೇನೂ ಇಳಿಸಬೇಡ ಎಂದು ತಾಕೀತು ಮಾಡಿದಳು. ಎರ್ರಿ ಹೇಳಿದ ಮಾತು ಮೀರುವ ಆಸಾಮಿಯಲ್ಲ. ಸಿರುಗುಪ್ಪಕ್ಕೂ ಕುರುಗೋಡಿಗೂ ಹೋಗಿ ಬಂದ. ಆಟೊದಲ್ಲಿ ನೋಡಿದರೆ ನಾನು ಕಟ್ಟಿದ ಕೊಸರಿನ ಗಂಟುಗಳೆಲ್ಲ ಕಟ್ಟಿದ ಹಾಗೇ ಕೂತಿವೆ. ಬಿಲ್ಲಿನಲ್ಲಿ ಇರಲಿಲ್ಲ, ಅದಕ್ಕೇ ವಾಪಸ್ ತಂದೆ ಎಂದ ಪುಣ್ಯಾತ್ಮ.

ಅವನಿಗೆ ಬೈಯಬೇಕೆಂದು ಬಾಯಿ ತೆರೆಯುವಷ್ಟರಲ್ಲಿ ಸಿರುಗುಪ್ಪದಿಂದ ಸುಂಕಲಮ್ಮನ ಫೋನ್ ಬಂತು. ಬಸ್‌ಸ್ಟ್ಯಾಂಡಿನ ಹತ್ತಿರ ಒಗ್ಗರಣೆ ಮಂಡಾಳು, ಮಿರ್ಚಿ ಮಾರುವ ಹೋಟೆಲು ಅವಳದು. ನಮ್ಮತ್ತೆಯ ಕಾಲದ ಗಿರಾಕಿ. ಅವಳೂ ಬಾಯಿ ಜೋರಿನವಳೇ. ಆದರೆ ಅವತ್ತು ದನಿಯೇ ಇಲ್ಲ.

"ಯಕ್ಕಾ, ನಮ್ಮಿಂದ ಏನಾರ ತಪ್ಪಾಗೇತೇನು?"

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಆ ಮೆತ್ತನೆಯ ಮಾತು ಕೇಳಿ, ನಾನೇ ಬರುತ್ತೇನೆ ಎಂದು ಫೋನ್ ಇಟ್ಟುಬಿಟ್ಟೆ. ಸಂಜೆಯಷ್ಟರಲ್ಲಿ ಕುರುಗೋಡಿನಿಂದಲೂ ಒಬ್ಬರು, ಮನೆಯಲ್ಲಿ ಏನಾದರೂ ಅಡಚಣೆ ಇದ್ದರೆ ಹೇಳಿ ಹೊನ್ನೂರಮ್ಮ, ಮುಚ್ಚಿಡಬೇಡಿ ಎಂದು ಕನಿಕರ ತೋರಿಸಿದರು. ಅತ್ತೆ ಕಟ್ಟಿದ ಹೆಸರು ಒಂದೇ ದಿನದಲ್ಲಿ ಮಣ್ಣುಪಾಲಾಯಿತಲ್ಲ ಎಂದು ನನಗೆ ಅಳುವೇ ಬಂತು. ಅಳು ಬಂದರೆ ನನಗೆ ಸಿಟ್ಟು ಇನ್ನೂ ಹೆಚ್ಚುತ್ತದೆ. ಆ ಕಂಪ್ಯೂಟರ್ ಡಬ್ಬಿಯನ್ನು ಈಗಲೇ ಎತ್ತಿ ಬಿಸಾಕು ಎಂದು ಗಂಗೋತ್ರಿಯ ಮೇಲೆ ಎಗರಾಡಿದೆ.

ಗಂಗೋತ್ರಿ ತಲೆ ತಗ್ಗಿಸಲಿಲ್ಲ, ದನಿಯನ್ನೂ ಏರಿಸಲಿಲ್ಲ.

"ಕೆಡಿಸಿದಾಕಿ ನಾನ ಅದೀನಿ ಅತ್ತಿ, ಸರಿ ಮಾಡಾಕಿನೂ ನಾನ. ಅಮಾಸಿ ತನಕ ಟೈಮ್ ಕೊಡ್ರಿ. ಆಗಲಿಲ್ಲಂದ್ರ ಕಾರ್ಬನ್ ಹಾಳಿ ನಾನ ತಂದುಕೊಡ್ತೀನಿ."

ಸಾಫ್ಟ್‌ವೇರಿನವನಿಗೆ ಫೋನ್ ಹಚ್ಚಿ ಕೇಳಿದಳು. ಅದೇನು ಮಹಾ, ರಿಯಾಯಿತಿ ಅಂತ ತೋರಿಸಿ ಎಂದನಂತೆ ಅವನು. ಹಾಗೇ ಹೊಸ ಬಿಲ್ಲು ತೆಗೆದಳು. ಮರುದಿನ ಗಂಟುಗಳನ್ನು ತೊಡೆಯ ಮೇಲಿಟ್ಟುಕೊಂಡು ಇಬ್ಬರೂ ಎರ್ರಿಯ ಆಟೊದಲ್ಲಿ ಸಿರುಗುಪ್ಪಕ್ಕೆ ಹೋದೆವು. ಸುಂಕಲಮ್ಮ ಕೂರಿಸಿ ಚಹಾ ಕೊಟ್ಟಳು. ಗಂಟು ನೋಡಿ ಅವಳ ಮುಖ ಅರಳಿತು. ಬಿಲ್ಲು ಓದುತ್ತ ಓದುತ್ತ ಮತ್ತೆ ಬಾಡಿತು. ಗಂಟನ್ನು ಮೆಲ್ಲಗೆ ನಮ್ಮ ಕಡೆಗೇ ಸರಿಸಿದಳು.

"ರಿಯಾಯಿತಿ ಅಂತ ಬರದೀರಿ. ನಾನು ಯಾವತ್ತು ಚೌಕಾಸಿ ಮಾಡೀನಿ ಯಕ್ಕಾ?"

ನಿಜವೇ ಅಲ್ಲವೇ? ಆ ಹೆಣ್ಣುಮಗಳು ಒಂದು ದಿನವೂ ದರ ಇಳಿಸು ಎಂದವಳಲ್ಲ. ವಾಪಸ್ ಬರುವಾಗ ದಾರಿಯುದ್ದಕ್ಕೂ ಗಂಗೋತ್ರಿ ಭತ್ತದ ಗದ್ದೆಗಳನ್ನೇ ನೋಡುತ್ತ ಕೂತಿದ್ದಳು. ಇವಳಿಗೂ ಸಾಕಾಯಿತು, ಇನ್ನು ಕಾರ್ಬನ್ ಹಾಳೆಯೇ ಗತಿ ಎಂದುಕೊಂಡೆ. ನಾನು ತಿಳಿದದ್ದು ತಪ್ಪು.

ಆಮೇಲೆ ಶುರುವಾಯಿತು ನೋಡಿ ಅವಳ ಪರೀಕ್ಷೆ. ಸಾಫ್ಟ್‌ವೇರ್ ಮಾರುವವರನ್ನು ಒಬ್ಬೊಬ್ಬರನ್ನೇ ಭಟ್ಟಿಗೆ ಕರೆಸಿದಳು. ಅವರು ಲ್ಯಾಪ್‌ಟಾಪ್ ಬಿಚ್ಚಿ ಬಣ್ಣಬಣ್ಣದ ಪಟ್ಟಿ ತೋರಿಸುತ್ತಿದ್ದರು, ಮಾಲು ಮುಗಿಯುತ್ತ ಬಂದರೆ ಫೋನಿಗೆ ಸುದ್ದಿ ಬರುತ್ತದೆ ಎನ್ನುತ್ತಿದ್ದರು. ಭಟ್ಟಿಯ ಹೊಗೆಗೆ ಕೆಮ್ಮುತ್ತ ಹೇಳಿದ್ದನ್ನೇ ಹೇಳುತ್ತಿದ್ದರು. ಇವಳು ಎಲ್ಲ ಕೇಳಿಸಿಕೊಂಡು, ಕೊನೆಗೆ ಒಂದೇ ಪ್ರಶ್ನೆ ಹಾಕುತ್ತಿದ್ದಳು. ಇದರಲ್ಲಿ ಕೊಸರು ಹೇಗೆ ಬರೆಯುತ್ತೀರಿ?

ಒಬ್ಬ, ಬೆಲೆಯ ಜಾಗದಲ್ಲಿ ಸೊನ್ನೆ ಹಾಕಿದರಾಯಿತು ಎಂದ. ಸೊನ್ನೆ ಹಾಕಿದರೆ ಬೆಲೆಯಿಲ್ಲದ ವಸ್ತು ಕೊಟ್ಟ ಹಾಗಲ್ಲವೇ ಎಂದು ಇವಳು ಕೇಳಿದ್ದಕ್ಕೆ ಅವನು ಲ್ಯಾಪ್‌ಟಾಪ್ ಮುಚ್ಚಿದ. ಇನ್ನೊಬ್ಬನಂತೂ ದೊಡ್ಡ ಬುದ್ಧಿವಂತ. ಈಗಿನ ಕಾಲದಲ್ಲಿ ಯಾರು ಕೊಸರು ಕೊಡುತ್ತಾರೆ ಮೇಡಂ, ನಿಲ್ಲಿಸಿಬಿಡಿ, ವರ್ಷಕ್ಕೆ ಎಷ್ಟು ಉಳಿಯುತ್ತದೆ ನೋಡಿ ಎಂದು ಅದನ್ನೂ ಪಟ್ಟಿ ಮಾಡಿ ತೋರಿಸಲು ಹೊರಟ. ನಾನು ಸೆರಗು ಸಿಕ್ಕಿಸಿ ಎದ್ದೆ. ನನಗಿಂತ ಮೊದಲು ಗಂಗೋತ್ರಿಯೇ ಎದ್ದಿದ್ದಳು.

"ಚಾ ಕುಡದ್ರಲ್ಲರಿ, ಹೋಗಿ ಬರ್ರಿ."

ಅಷ್ಟೇ ಮಾತು. ನಾನಾಗಿದ್ದರೆ ಅವನ ಏಳು ತಲೆಮಾರು ಎಳೆದು ಹಾಕುತ್ತಿದ್ದೆ, ಆದರೆ ಅವನಿಗೆ ಅಷ್ಟು ನಾಟುತ್ತಿರಲಿಲ್ಲ. ಎದೆ ತುಂಬಿ ಬಂತು. ತೋರಿಸಿಕೊಳ್ಳಬಾರದೆಂದು ಕರಿಬಸವನಿಗೆ, ಉರಿ ಕಮ್ಮಿಯಾಗಿದೆ ನೋಡಲೇ ಎಂದು ಸುಮ್ಮನೆ ಗದರಿದೆ.

ಕೊನೆಗೆ ಬಂದವನು ಗವಿಸಿದ್ದೇಶ್. ಸಿರುಗುಪ್ಪದವನು, ನಮ್ಮೂರಿನ ಕಂಟೋನ್ಮೆಂಟಿನಲ್ಲಿ ಒಂದು ಕೋಣೆ ಬಾಡಿಗೆಗೆ ಹಿಡಿದು ಸಾಫ್ಟ್‌ವೇರನ್ನು ತಾನೇ ತಯಾರಿಸುತ್ತಾನೆ. ಅವನ ಪರದೆಯಲ್ಲಿ ಬಣ್ಣ ಗಿಣ್ಣ ಏನೂ ಇಲ್ಲ, ಬೋಳು ಬೋಳು. ಗಂಗೋತ್ರಿ ಅದೇ ಪ್ರಶ್ನೆ ಕೇಳಿದಳು. ಅವನು ತಲೆ ಕೆರೆದುಕೊಂಡ. ಬೆಲೆಯ ಜಾಗ ಖಾಲಿ ಬಿಟ್ಟರೆ ಸಾಫ್ಟ್‌ವೇರ್ ಮುಂದಕ್ಕೆ ಹೋಗುವುದಿಲ್ಲ, ಹಾಗಾಗಿ ಯಾವ ಸಾಲಿನಲ್ಲಿ ಬರೆದರೂ ಏನಾದರೊಂದು ಅಂಕಿ ಬೀಳುತ್ತದೆ ಎಂದು ಇದ್ದದ್ದು ಇದ್ದಂತೆ ಒಪ್ಪಿಕೊಂಡ. ಇವನೂ ಹೋದ ಎಂದುಕೊಂಡೆ. ಗಂಗೋತ್ರಿ ಅವನನ್ನು ಕಳಿಸಲಿಲ್ಲ. ಎರ್ರಿ ಮಾಲು ತುಂಬುವ ಕಡೆ ಕರೆದುಕೊಂಡು ಹೋಗಿ ನಿಲ್ಲಿಸಿದಳು. ಚೀಲಗಳ ಬಾಯಿ ಹೊಲಿದಾಯಿತು. ನಾನು ಗಂಟು ಕಟ್ಟಿ ಮೇಲಿಟ್ಟೆ.

"ನೋಡಿದ್ರ್ಯಾ?" ಎಂದಳು ಅವನಿಗೆ. "ಲೆಕ್ಕ ಮುಗಿದ ಮ್ಯಾಲೆ ಕೊಡಾದು ಇದು. ಬಿಲ್ಲಿನ್ಯಾಗೂ ಮೊತ್ತದ ಕೆಳಗ ಬರಲಿ. ಅಲ್ಲಿ ಬೆಲಿ ಕೇಳಬಾರದು, ಬರೀ ಮಾತು ಬರಿಯಾಕ ಜಾಗ ಇರಲಿ."

ಅಯ್ಯೋ ನನ್ನವ್ವಾ! ಆಯುಷ್ಯವೆಲ್ಲ ಕೊಸರು ಕೊಟ್ಟವಳು ನಾನು. ಅಳತೆಯೆಲ್ಲ ಮುಗಿದ ಮೇಲೇ ಅದನ್ನು ಯಾಕೆ ಕೊಡುತ್ತೇನೆ ಎಂದು ಒಂದು ದಿನವೂ ಬಾಯಿಬಿಟ್ಟು ಹೇಳಿದವಳಲ್ಲ, ಹೇಳಲು ಬರುತ್ತಲೂ ಇರಲಿಲ್ಲ. ನಿನ್ನೆ ಮೊನ್ನೆ ಬಂದವಳು ಹೇಳಿಬಿಟ್ಟಳು. ಗವಿಸಿದ್ದೇಶ್ ಅಮಾವಾಸ್ಯೆಗೆ ಮುಂಚೆಯೇ ಅದನ್ನು ಮಾಡಿಕೊಂಡು ಬಂದ. ಮೊತ್ತದ ಕೆಳಗೆ ಒಂದು ಗೆರೆ, ಗೆರೆಯ ಕೆಳಗೆ ಗಂಗೋತ್ರಿ ಬೆರಳಚ್ಚು ಮಾಡಿದ ಸಾಲು: "ಚೀಲಕ್ಕೊಂದು ಸೇರು ಕೊಸರು, ನಮ್ಮ ಮನೆಯ ಕಡೆಯಿಂದ." ಪಕ್ಕದಲ್ಲಿ ಅಂಕಿಯಿಲ್ಲ, ಸೊನ್ನೆಯಿಲ್ಲ. ಅದನ್ನೇ ಇಟ್ಟುಕೊಂಡೆವು.

ಮೊದಲ ಬಿಲ್ಲು ಸುಂಕಲಮ್ಮನ ಹೆಸರಿನಲ್ಲಿ ತೆಗೆದೆವು. ಎರ್ರಿ ಆಟೊಗೆ ಚೀಲ ಹೇರುತ್ತಿದ್ದ. ನಾನು ಹಿತ್ತಾಳೆಯ ಸೇರನ್ನು ಹುಣಸೆಹಣ್ಣು ಹಾಕಿ ತಿಕ್ಕಿ, ತೊಳೆದು, ಗಂಗೋತ್ರಿಯ ಕೈಗಿಟ್ಟೆ. ಇನ್ನು ಮೇಲೆ ಅಳೆಯುವವಳು ನೀನು ಎಂದೆ. ಅವಳು ಸೇರನ್ನು ಕಣ್ಣಿಗೊತ್ತಿಕೊಂಡಳು. ನನಗೆ ಅಲ್ಲಿ ನಿಲ್ಲಲಾಗಲಿಲ್ಲ, ಮುಖ ತೊಳೆಯುವ ನೆಪ ಮಾಡಿ ಹಿತ್ತಲಿಗೆ ಹೋದೆ. ಅವಳು ಹೇಗೆ ಅಳೆದಳೋ ನಾನು ನೋಡಲಿಲ್ಲ.

ಮಧ್ಯಾಹ್ನ ಸಿರುಗುಪ್ಪದಿಂದ ಫೋನ್ ಬಂತು. ಸುಂಕಲಮ್ಮನ ದನಿ ಮೊದಲಿನ ಹಾಗೆ ಜೋರಾಗಿತ್ತು. ಬಿಲ್ಲು ಓದಿದಳಂತೆ, ಹೋಟೆಲಿನಲ್ಲಿ ತಿನ್ನುತ್ತಿದ್ದವರಿಗೂ ಓದಿ ಹೇಳಿದಳಂತೆ. ಆಮೇಲೆ ಕೇಳಿದಳು.

"ಯಕ್ಕಾ, ಈ ಸಲ ಕೊಸರು ಅಳದಾರು ಯಾರು?"

ಮತ್ತೆ ಏನು ಕಮ್ಮಿಯಾಯಿತೋ. "ಯಾಕಬೇ?" ಎಂದೆ.

"ಗಂಟು ದಪ್ಪ ಐತಿ, ಸೇರಿನ ಮ್ಯಾಲೆ ಗುಪ್ಪಿ ಏರಿಸಿ ಅಳದಾರ. ಇದು ನಿನ್ನ ಕೈ ಅಲ್ಲ ಬಿಡು. ನಿನ್ನ ಕೈ ಇಷ್ಟು ದೊಡ್ಡದಿಲ್ಲ."

ಬೇರೆ ಯಾರಾದರೂ ಈ ಮಾತು ಆಡಿದ್ದರೆ ಬಿಡುತ್ತಿರಲಿಲ್ಲ. ಅತ್ತ ಗಂಗೋತ್ರಿ ಕುರುಗೋಡಿನ ಬಿಲ್ಲು ತೆಗೆಯುತ್ತ ಕೂತಿದ್ದಳು. ಅವಳಿಗೂ ಕೇಳಲಿ, ಭಟ್ಟಿಗೂ ಕೇಳಲಿ, ರಸ್ತೆಯಲ್ಲಿ ಹೋಗುವವರಿಗೂ ಕೇಳಲಿ ಎಂದು ಗಂಟಲೆತ್ತಿ ಹೇಳಿದೆ.

"ನಮ್ಮ ಸೊಸಿ ಅಳದಾಳಬೇ! ನಮ್ಮ ಸೊಸಿ!"