ತಪ್ಪಮ್ಮ

‘ಧೈರ್ಯವಾಗಿರಿ’ ಎಂಬ ಮಾತು ಕಿವಿಗೆ ಬಿದ್ದರೆ ಸಾಕು, ಆಕೆಯ ಎಡಹುಬ್ಬು ಮೇಲೇರುತ್ತಿತ್ತು. ಹೇಳಿದವರು ಯಾರೇ ಆಗಿರಲಿ, ಅಂದು ಅವರ ಗ್ರಹಚಾರ ಕೆಟ್ಟಿತೆಂದೇ ಅರ್ಥ. “ಧೈರ್ಯ ಇದ್ದಿದ್ರೆ ನನ್ನ ಹತ್ರ ಯಾಕೆ ಬರ್ತಿದ್ರು? ಹೊಟ್ಟೆನೋವು ಅಂದವನಿಗೆ ನೋಯಿಸ್ಕೋಬೇಡ ಅಂತೀರಾ?” ಎಂದು ಬಸ್ ಡಿಪೋದ ಮ್ಯಾನೇಜರನ್ನೇ ತುಂಬಿದ ಸಭೆಯಲ್ಲಿ ಕೇಳಿ, ಆಮೇಲೆ ಏನೂ ಆಗದವರಂತೆ ನೀರು ಕುಡಿದ ಹೆಂಗಸು ಆಕೆ.

ಚಾಲಕರ, ನಿರ್ವಾಹಕರ ಮನೋವ್ಯಥೆಯನ್ನು ಆಲಿಸಲೆಂದು ಡಿಪೋದವರೇ ಒಪ್ಪಂದದ ಮೇಲೆ ನೇಮಿಸಿಕೊಂಡಿದ್ದ ಆಪ್ತಸಮಾಲೋಚಕಿ. ಹಿಂದೆ ಟೈರುಗಳನ್ನು ಪೇರಿಸಿಡುತ್ತಿದ್ದ ಕೋಣೆ ಆಕೆಯ ಪಾಲಿಗೆ ಬಂದಿತ್ತು. ಎಷ್ಟು ತೊಳೆದರೂ ರಬ್ಬರಿನ ವಾಸನೆ ಗೋಡೆ ಬಿಟ್ಟು ಕದಲಿರಲಿಲ್ಲ. ಮೊಣಕೈ ಸವೆದ ಕಂದು ಸ್ವೆಟರು, ಗಂಡಸರ ಬೂಟಿನಂಥ ಪಾದರಕ್ಷೆ, ಜಗಳಕ್ಕೆ ಹೊರಟವರ ದಾಪುಗಾಲು. ಆದರೆ ಎದುರಿಗೆ ಒಬ್ಬರು ಬಂದು ಕೂತರೆಂದರೆ ಆ ದೇಹದ ಅವಸರವೆಲ್ಲ ಎಲ್ಲಿಗೋ ಇಂಗಿಹೋಗುತ್ತಿತ್ತು. ಎದುರಿಗೆ ಎನ್ನುವುದೂ ತಪ್ಪೇ. ಕುರ್ಚಿಗಳೆರಡನ್ನೂ ಆಕೆ ಕಿಟಕಿಯತ್ತ ಓರೆಯಾಗಿ ಹಾಕಿಸಿದ್ದಳು. “ದಿನವಿಡೀ ರಸ್ತೆ ನೋಡೋರು. ಮುಖ ನೋಡ್ಕೊಂಡು ಮಾತಾಡಿ ಅಂದ್ರೆ ಮಾತು ಹೊರಡುತ್ತಾ?”

ಬಂದವರು ಎದ್ದು ಹೊರಡುವಾಗ ಆಕೆ ಕೇಳುತ್ತಿದ್ದ ಪ್ರಶ್ನೆ ಒಂದೇ: “ಇವತ್ತು ನಾನೆಲ್ಲಿ ತಪ್ಪಿದೆ?” ಚಾಲಕರಿಗೆ ಇದು ಮಹಾ ತಮಾಷೆ. “ಏನಪ್ಪಾ, ತಪ್ಪಮ್ಮನ ಹತ್ರ ಹೋಗಿದ್ಯಂತೆ, ಎಷ್ಟು ಮಾರ್ಕು ಹಾಕ್ದೆ?” ಎಂದು ಒಬ್ಬರನ್ನೊಬ್ಬರು ಕಿಚಾಯಿಸುತ್ತಿದ್ದರು.

ಆ ಪ್ರಶ್ನೆಯ ಬೆಲೆ ತಿಳಿದದ್ದು, ಡಿಪೋದವರೆಲ್ಲ ‘ಮಾವ’ ಎಂದು ಕರೆಯುತ್ತಿದ್ದ ಹಿರಿಯ ಚಾಲಕನಿಂದ. ಸೈಕಲ್ಲಿನವನೊಬ್ಬ ಅವನ ಬಸ್ಸಿನಡಿ ಸಿಕ್ಕಿ ಸತ್ತಿದ್ದ. ತನಿಖೆ ನಡೆದು ಚಾಲಕನ ದೋಷವಿಲ್ಲವೆಂದಾಗಿತ್ತು. ಆದರೂ ಅವನಿಗೆ ಸ್ಟೀರಿಂಗು ಮುಟ್ಟಲಾಗುತ್ತಿರಲಿಲ್ಲ. ಹೆಂಡತಿಯದೂ ಭಾವಮೈದುನನದೂ ಮ್ಯಾನೇಜರದೂ ಒಂದೇ ಮಂತ್ರ: ನಿನ್ನ ತಪ್ಪಲ್ಲ, ಮರೆತುಬಿಡು. ಮೊದಲ ದಿನ ಆಕೆಯೂ ಅದನ್ನೇ ಅಂದುಬಿಟ್ಟಳು. ಮಾವ ಹೊರಡಲು ಎದ್ದ. ಕೊನೆಗೆ ಆಕೆ ಎಂದಿನ ಪ್ರಶ್ನೆ ಕೇಳಿದಾಗ, ಬಾಗಿಲ ಬಳಿ ನಿಂತು, “ನನ್ನ ತಪ್ಪಲ್ಲ ಅಂತ ನೀವೂ ಅಂದ್ರಲ್ಲಮ್ಮ. ಏನಾಯ್ತು ಅಂತ ಮಾತ್ರ ಯಾರೂ ಕೇಳಲ್ಲ,” ಎಂದ.

“ಹೌದು, ನಾನು ತಪ್ಪಿದೆ. ಕೂತ್ಕೊಳ್ಳಿ. ಏನಾಯ್ತು?”

ಅವನು ಹೇಳಿದ. ಏನು ಹೇಳಿದನೆಂಬುದು ಈ ಬರಹಕ್ಕೂ ಸಿಕ್ಕಿಲ್ಲ; ಸಿಗಲೂಬಾರದು. ವಾರಗಳು ಕಳೆದ ಮೇಲೆ, ಅಂಗಳದಲ್ಲಿ ನಿಂತಿದ್ದ ಖಾಲಿ ಬಸ್ಸಿನಲ್ಲಿ ಎಂಜಿನ್ ಶುರು ಮಾಡದೆ ಮಾವ ಚಾಲಕನ ಸೀಟಿನಲ್ಲಿ ಕೂತಿದ್ದನ್ನೂ, ಹಿಂದಿನ ಸೀಟಿನಲ್ಲಿ ಆಕೆ ಸುಮ್ಮನೆ ಕಿಟಕಿಯಾಚೆ ನೋಡುತ್ತಿದ್ದುದನ್ನೂ ಮಾತ್ರ ಎಲ್ಲರೂ ಕಂಡರು.

ಅಷ್ಟರಲ್ಲಿ ಸತ್ತವನ ಮನೆಯವರು ನ್ಯಾಯಾಲಯದ ಮೆಟ್ಟಿಲು ಹತ್ತುವ ಸುದ್ದಿ ಹಬ್ಬಿತು. ಮಾವ ತನ್ನ ಬಾಯಿಂದಲೇ ಏನಾದರೂ ಒಪ್ಪಿಕೊಂಡಿದ್ದರೆ ಅವನನ್ನು ಮನೆಗೆ ಕಳಿಸಿ ಡಿಪೋ ಕೈತೊಳೆದುಕೊಳ್ಳಬಹುದಲ್ಲವೇ? ಮಾವನ ಮಾತುಗಳನ್ನು ಆಕೆ ಬರೆದಿಟ್ಟಿದ್ದ ಕಡತವನ್ನು ಮ್ಯಾನೇಜರು ಕೇಳಿದ.

“ಕೊಡಲ್ಲ.”

“ಮೇಡಂ, ಸಂಬಳ ಕೊಡೋರು ನಾವು.”

“ಸಂಬಳ ನಿಮ್ಮದು ಸ್ವಾಮಿ. ಮಾತು ಅವರದು.”

ಅಂದೇ ಆಕೆ ಮಾವನನ್ನು ಕರೆಸಿ, “ಆಫೀಸ್ನೋರು ಕೇಳಿದ್ರು, ಕೊಟ್ಟಿಲ್ಲ. ಇನ್ಮೇಲೂ ಮಾತಾಡ್ಬೇಕಾ ಬೇಡ್ವಾ, ನೀವೇ ಯೋಚ್ನೆ ಮಾಡಿ,” ಎಂದಳು. ಮಾವ ಬಾಗಿಲವರೆಗೆ ಹೋಗಿ ತಿರುಗಿದ. “ಬುಧವಾರ ಬರ್ತೀನಮ್ಮ,” ಎಂದ.

ಬುಧವಾರ ಬಂದಾಗ ಕೋಣೆಗೆ ಬೀಗ ಬಿದ್ದಿತ್ತು. ಆಕೆಯ ಒಪ್ಪಂದ ಸೋಮವಾರವೇ ರದ್ದಾಗಿತ್ತು. ಬಾಗಿಲಿಗೆ ‘ನಗುತ್ತಾ ಬಾಳಿ’ ಎಂಬ ಹೊಳೆಯುವ ಭಿತ್ತಿಪತ್ರ. ಆದರೆ ಮಾವ ಬರುತ್ತಾನೆಂದು ಆಕೆ ಗೇಟಿನಾಚೆಯ ಕಲ್ಲುಬೆಂಚಿನ ಮೇಲೆ ಕೂತಿದ್ದಳು. ಆ ಬುಧವಾರ ಮಾತ್ರವಲ್ಲ, ಮುಂದಿನ ಹನ್ನೊಂದು ಬುಧವಾರಗಳೂ ಮಾವ ಆಕೆಯ ಪಕ್ಕ ಬಂದು ಕೂತ. ಹದಿಮೂರನೆಯ ಬುಧವಾರ ಬೆಂಚು ಖಾಲಿಯಿತ್ತು: ಮಾವನಿಗೆ ಬೆಳಗಿನ ಪಾಳಿ ಬಿದ್ದಿತ್ತು, ಬಸ್ಸು ತುಂಬ ಜನರಿದ್ದರು. ಡಿಪೋದ ವಾರ್ಷಿಕ ವರದಿ ಇದನ್ನು ಭಿತ್ತಿಪತ್ರ ಅಭಿಯಾನದ ಯಶಸ್ಸೆಂದು ದಾಖಲಿಸಿತು. ನಾಚಿಕೆಯೆಂಬ ಪದಾರ್ಥ ಕಚೇರಿಗಳಿಗೆ ಸರಬರಾಜಾಗುವುದಿಲ್ಲವೋ ಏನೋ!

ನೊಂದವರಿಗೆ ಉಪದೇಶ ಉಣಿಸುವವರಿಗೆ ನಮ್ಮಲ್ಲಿ ಎಂದೂ ಬರವಿಲ್ಲ. ಸಭೆಗಳಲ್ಲಿ ಹಾರ ಬೀಳುವುದೂ ಅವರ ಕೊರಳಿಗೇ. ಆಕೆಯಂಥವರು ಬೇರೆ ಜಾತಿ. ತಾವು ಗುಣಪಡಿಸಿದೆವೆಂದು ಅವರು ಹೇಳಿಕೊಳ್ಳುವುದಿಲ್ಲ, ತಿದ್ದಿಸಿಕೊಳ್ಳಲು ನಾಚುವುದಿಲ್ಲ, ಕೇಳಿದ್ದನ್ನು ಹೊರಹಾಕುವುದಿಲ್ಲ. ಇಂಥವರ ಮುಂದೆ ಮನುಷ್ಯ ಬಾಯಿಬಿಡುತ್ತಾನೆ. ಮಾತಿಗೆ ಕಿವಿಯಾಗುವವರು ಹತ್ತು ಜನ ಸಿಕ್ಕಾರು. ಆ ಮಾತಿಗೆ ಬಾಗಿಲ ಅಗುಳಿಯಾಗಿ, ಹೊರಗಿನಿಂದ ಬೀಳುವ ಒದೆತವನ್ನೆಲ್ಲ ತಮ್ಮ ಬೆನ್ನಿನ ಮೇಲೆ ತಾಳಿಕೊಳ್ಳುವವರು ಸಿಗುವುದು ಅಪರೂಪ. ಸಿಕ್ಕವರನ್ನು ನಾವು ಗೇಟಿನಾಚೆ ಕೂರಿಸುತ್ತೇವೆ.