ಹಸಿರು ಚೀಟಿಯ ಕಪಾಟು

ಗೊರಗೊರ ಸದ್ದು, ಬೇರಿಂಗ್ ಸವೆದ ಫ್ಯಾನು ಹೀಗೇ ಗೊಣಗುತ್ತದೆ, ಎರಡು ಹನಿ ಎಣ್ಣೆ ಬಿಟ್ಟರೆ ಬಾಯಿ ಮುಚ್ಚುತ್ತದೆ — ಅಲ್ಲ, ಫ್ಯಾನಲ್ಲ, ಅಡುಗೆಮನೆಯಲ್ಲಿ ನೀರು ಕುದಿಯುತ್ತಿದೆ, ಮಗಳು ಚಹಾಕ್ಕೆ ಇಟ್ಟಿದ್ದಾಳೆ, ನೀನು ಕೂತ್ಕೋ ಅಪ್ಪ, ಆಸ್ಪತ್ರೆ ಸುತ್ತಿ ಸುಸ್ತಾಗಿದೀಯ, ಸುಸ್ತು ಅವನಿಗಂತೆ, ತೋರಿಸಿ ಬಂದ ಕೈ ಅವಳದು. ಬಲಗೈಯ ಕೊನೆಯ ಎರಡು ಬೆರಳು ಕೊಕ್ಕೆಯ ಹಾಗೆ ಬಾಗಿ ನಿಂತಿವೆ, ಸಕ್ಕರೆ ಡಬ್ಬಿಯ ಮುಚ್ಚಳ ತೆಗೆಯುವಾಗಲೂ ಅವೆರಡು ದೂರವೇ, ಮುನಿಸಿಕೊಂಡ ನೆಂಟರ ಹಾಗೆ. ಕಿಟಕಿಯ ಗಾಜು ಒಡೆದು ಮಣಿಕಟ್ಟು ಸೀಳಿದ ದಿನ ಹೊಲಿಗೆ ಹಾಕಿದ ಡಾಕ್ಟರು ಹೇಳಿದ್ದರಲ್ಲ, ಒಂದು ನರ ತುಂಡಾಗಿದೆ, ಗಾಬರಿ ಬೇಡ, ರಿಪೇರೆಬಲ್, ದೊಡ್ಡಾಸ್ಪತ್ರೆಗೆ ತೋರಿಸಿ — ಆ ಪದ ಕೇಳಿದ್ದೇ ಎದೆ ಹಗುರಾಗಿತ್ತು, ಬೇರೆ ಇಂಗ್ಲಿಷು ಬರದಿದ್ದರೂ ಅದೊಂದು ಅವನಿಗೆ ಅನ್ನ ಹಾಕುವ ಪದ, ಮೀಸೆ ಚಿಗುರಿದಾಗಿನಿಂದ ದಿನಾ ಬರೆದು ಅಂಟಿಸುವ ಹಸಿರು ಚೀಟಿ. ವರ್ಕ್‌ಶಾಪಿನಲ್ಲಿ ಕೆಂಪು ಚೀಟಿಯ ಫ್ಯಾನು, ಮೋಟಾರುಗಳು ಗುಜರಿಗೆ, ಅವಕ್ಕೇ ಅವಸರ, ಲಾರಿ ಬರುವುದರೊಳಗೆ ತಾಮ್ರ ಬಿಚ್ಚಿಕೊಳ್ಳಬೇಕು, ಹಸಿರಿನವು ಕಪಾಟಿಗೆ, ಧೂಳು ತಿನ್ನುತ್ತಾ ಕೂರುತ್ತವೆ, ಯಾವಾಗ ಇಳಿಸಿ ಹೊಸ ತಂತಿ ಸುತ್ತಿದರೂ ತಿರುಗುತ್ತವೆ. ಸೇರಿದ ಹೊಸತರಲ್ಲಿ ಮೇಸ್ತ್ರಿ ನಕ್ಕು ಹೇಳಿಕೊಟ್ಟಿದ್ದ, ರಿಪೇರೆಬಲ್ ಅಂದ್ರೆ ಇನ್ನೂ ಸತ್ತಿಲ್ಲ ಅಂತ ಕಣಯ್ಯ, ಸಾಯದೇ ಇರೋದಕ್ಕೆ ಏನು ಅವಸರ, ಕೂತಿರ್ಲಿ ಬಿಡು.

ಕೂತಿರಲಿ. ಹೆಂಡತಿ ಕೇಳಿ ಕೇಳಿ ಬಾಯಿ ನೋಯಿಸಿಕೊಂಡಳು, ಯಾವತ್ತು ಕರ್ಕೊಂಡು ಹೋಗೋಣ್ರೀ, ಆ ಬೆರಳು ಚಿವುಟಿದ್ರೂ ಗೊತ್ತಾಗಲ್ಲ ಅಂತಾಳೆ — ರಿಪೇರೆಬಲ್ ಅಂದಿದಾರಲ್ಲೇ, ಎಲ್ಲಿಗೆ ಓಡಿಹೋಗುತ್ತೆ, ಈ ಬೇಸಿಗೆ ಕಳೀಲಿ, ಫ್ಯಾನು ರಾಶಿ ಬಿದ್ದಿವೆ. ಬೇಸಿಗೆ ಕಳೆಯಿತು, ಪಂಪುಗಳು ಬಂದವು, ಚಳಿಗೆ ಹೀಟರುಗಳು, ಮತ್ತೆ ಫ್ಯಾನುಗಳು. ಇವತ್ತು ದೊಡ್ಡಾಸ್ಪತ್ರೆಯ ಡಾಕ್ಟರಮ್ಮ ಸೂಜಿಯಿಂದ ಚುಚ್ಚಿ ಚುಚ್ಚಿ ನೋಡಿದರು, ಮಗಳು ಗೋಡೆಯ ಗಡಿಯಾರ ನೋಡುತ್ತಿದ್ದಳು, ಚುಚ್ಚಿದ್ದೇ ಅವಳಿಗೆ ತಿಳಿಯಲಿಲ್ಲ. ಇಷ್ಟು ದಿನ ಎಲ್ಲಿದ್ರಿ ನೀವು, ನರ ಕಾಯ್ತಾ ಕೂರಲ್ಲ, ಸ್ನಾಯುನೂ ಸತ್ತುಹೋಗಿದೆ, ಈಗ ಕೊಯ್ದು ಏನು ಪ್ರಯೋಜನ. ರಿಪೇರೆಬಲ್ ಅಂದಿದ್ರಲ್ಲ ಮೇಡಂ — ಎಂಥಾ ದನಿ ಅದು, ಚೀಟಿ ಹಿಡಿದು ಜಗಳಕ್ಕೆ ಬರುವ ಗಿರಾಕಿಯ ದನಿ, ಅವನ ಗಂಟಲಿಂದಲೇ ಬಂತು. ಆಕೆ ಕನ್ನಡಕ ತೆಗೆದರು, ಆಗ ಹೌದು. ಆಗ. ಬಸ್ಸಿನಲ್ಲಿ ಮಗಳು ಹೆಗಲಿಗೆ ಹೆಗಲು ತಾಗಿಸಿ, ಏನಪ್ಪ, ನಂಗೀಗ ಕೆಂಪು ಚೀಟಿನಾ, ಎಂದು ನಕ್ಕಳು, ಬೈಯಬಾರದಿತ್ತೇ, ನಾಲ್ಕು ಜನರೆದುರು ಕೂಗಾಡಬಾರದಿತ್ತೇ, ಅದನ್ನಾದರೂ ತಡೆದುಕೊಳ್ಳಬಹುದಿತ್ತು, ಈ ನಗುವನ್ನು ಎಲ್ಲಿಡುವುದು, ಯಾವ ಕಪಾಟಿನಲ್ಲಿ — ಇಗೋ ಬಂದಳು, ಹೊಸಿಲು ದಾಟಿದಳು, ಸ್ಟೀಲ್ ಲೋಟದ ಅಂಚನ್ನು ಮೂರೇ ಬೆರಳಲ್ಲಿ ಎತ್ತಿ ಹಿಡಿದಿದ್ದಾಳೆ, ಹಬೆ ಏಳುತ್ತಿದೆ, ಸಕ್ಕರೆ ಸಾಕಾ ನೋಡಪ್ಪ, ಎನ್ನುತ್ತಿದ್ದಾಳೆ, ಬಾಗಿದ ಕಿರುಬೆರಳು ಸುಡುವ ಲೋಟಕ್ಕೆ ಒತ್ತಿಕೊಂಡಿದೆ, ಚರ್ಮ ಕೆಂಪಾಗುತ್ತಿದೆ, ಅವಳು ಅವನ ಮುಖವನ್ನೇ ನೋಡುತ್ತಿದ್ದಾಳೆ, ಬೆರಳು ಹಿಂದೆ ಸರಿಯುತ್ತಿಲ್ಲ, ಸರಿಯುತ್ತಿಲ್ಲ